ಷರಾ ಸಹಿತ ಆಮಂತ್ರಣ

ಕಂಪ್ಯೂಟರ್ ಬಲ್ಲವರು ಫೈಲುಗಳಲ್ಲಿ ನೂರೆಂಟು ಬಗೆ ಹೇಳುತ್ತಾರೆ. ಡಾಕ್ ಎನ್ನುತ್ತಾರೆ, ಪಿಡಿಎಫ್ ಎನ್ನುತ್ತಾರೆ, ಜೆಪೆಗ್ಗು, ಎಂಪಿ3, ಜಿಪ್ಪು ಎನ್ನುತ್ತಾರೆ. ನಾನು ಕಂಡಿರುವುದು ಎರಡೇ ಬಗೆ. ಕಳಿಸಿದರೂ ಹೋಗದವು ಒಂದು, ಕಳಿಸದಿದ್ದರೂ ಹೋಗುವವು ಇನ್ನೊಂದು. ಯಾರಿಗೆ ಕಳಿಸಿದೆವೋ ಅವರಿಗಷ್ಟೇ ತಲುಪಿ ತೆಪ್ಪಗಿರುವ ಮೂರನೆಯ ಬಗೆಯೂ ಇದೆ ಎಂದು ನನ್ನ ಅಕ್ಕನ ಮಗ ವಾದಿಸುತ್ತಾನೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿಯ ಫೈಲುಗಳು ಹೇಳಿದ ಮಾತು ಕೇಳುತ್ತವೋ ಏನೋ. ನಾನಿರುವುದು ತಿಪಟೂರಿನಲ್ಲಿ.

ನಮ್ಮ ದೇಶದಲ್ಲಿ ಇಂಟರ್ನೆಟ್ಟನ್ನು ಜನಸಾಮಾನ್ಯರಿಗೆ ಬಿಟ್ಟದ್ದು 1995ರ ಆಗಸ್ಟ್ 15ರಂದು. ದಿನ ನೋಡಿಯೇ ಬಿಟ್ಟಿದ್ದಾರೆ. ಆ ಎರಡನೆಯ ಸ್ವಾತಂತ್ರ್ಯ ನಮ್ಮ ಮನೆ ಹೊಕ್ಕಿದ್ದು ಕೆಲವು ವರ್ಷ ತಡವಾಗಿ, 56ಕೆ ಮೋಡೆಮ್ ಎಂಬ ಸಣ್ಣ ಡಬ್ಬಿಯೊಳಗೆ ಕೂತು. ಕನೆಕ್ಷನ್ ಸಿಗುವ ಮುಂಚೆ ಅದು ಕೀಂ ಕರ್ರ್ ಎಂದು ಕಿರುಚಿಕೊಳ್ಳುತ್ತಿತ್ತು. ನಮ್ಮಮ್ಮ ಅಡಿಗೆಮನೆಯಿಂದಲೇ, "ಅದೇನು ನೋವೋ ಪಾಪ, ಬಿಡೋ ಅದನ್ನ" ಎನ್ನುತ್ತಿದ್ದರು.

56 ಕಿಲೋಬಿಟ್ ಎಂದರೆ ಸೆಕೆಂಡಿಗೆ 7 ಕಿಲೋಬೈಟ್. ಅದು ಡಬ್ಬಿಯ ಮೇಲೆ ಅಚ್ಚಾದ ಲೆಕ್ಕ. ನಮ್ಮ ಓಣಿಯ ತಂತಿಯಲ್ಲಿ 4 ಬಂದರೆ ಅವತ್ತು ಹಬ್ಬ. 4 ಎಂಬಿಯ ಒಂದು ಹಾಡು ಇಳಿಯಲು ಹದಿನೇಳು ನಿಮಿಷ ಬೇಕು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಟೆಲಿಫೋನ್ ಎತ್ತಕೂಡದು, ಏಕೆಂದರೆ ಹಾಡಿಗೂ ಮಾತಿಗೂ ಇದ್ದದ್ದು ಒಂದೇ ತಂತಿ.

ಶಾನ್ ಫ್ಯಾನಿಂಗ್ ಎಂಬ ಹದಿನೆಂಟರ ಹುಡುಗ 1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಶುರು ಮಾಡಿದ್ದ. ಹಾಡುಗಳು ಅವನ ಬಳಿ ಇರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಅವನದು. ಹಾಡು ಅವರ ಮನೆಯಿಂದ ನೇರ ನಮ್ಮ ಮನೆಗೆ. ಅಲ್ಲಿ ಪಿ. ಬಿ. ಶ್ರೀನಿವಾಸ್ ಅವರ ಹಾಡೊಂದು ಸಿಕ್ಕಿತು. ಅಮೆರಿಕದಲ್ಲಿ ನೆಲೆಸಿದ ಯಾವ ಪುಣ್ಯಾತ್ಮರು ಇಟ್ಟಿದ್ದರೋ. ಹಾಡು ಇಳಿಯುತ್ತ ಇಳಿಯುತ್ತ ಪಲ್ಲವಿ ದಾಟಿತು, ಅನುಪಲ್ಲವಿಗೆ ಬಂತು. ಅಷ್ಟರಲ್ಲಿ ಹುಳಿಗೆ ಕೊಬ್ಬರಿ ಹಾಕಬೇಕೋ ಹಸಿ ತೆಂಗಿನಕಾಯಿಯೋ ಎಂದು ತಂಗಿಯನ್ನು ಕೇಳಲು ಅಮ್ಮ ಫೋನೆತ್ತಿದರು. ಲೈನು ಕಟ್. ಮರುದಿನ ಮತ್ತೆ ಮೊದಲಿನಿಂದ. ಅವತ್ತು ಬೇರೆ ಪಲ್ಯದ ವಿಚಾರ.

ಹಾಡಿನ ಕಂಪನಿಗಳು ಕೋರ್ಟಿಗೆ ಹೋಗಿ 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ಬಾಗಿಲು ಹಾಕಿಸಿದವು. ಕೃತಿಸ್ವಾಮ್ಯ ದೊಡ್ಡ ವಿಷಯ, ಹಾಡಿದವರಿಗೆ ದುಡ್ಡು ಸಲ್ಲಬೇಕಾದ್ದೇ. ಆದರೆ ಆ ಪಾಪದಲ್ಲಿ ನನಗೆ ಪಾಲು ಬರಲಿಲ್ಲ. ನನ್ನ ಕಂಪ್ಯೂಟರಿಗೆ ಒಂದು ಹಾಡೂ ಚರಣದವರೆಗೆ ತಲುಪಲಿಲ್ಲ. ಬರೀ ಪಲ್ಲವಿ ಕದ್ದವರಿಗೂ ಶಿಕ್ಷೆ ಎಂದಿದ್ದರೆ ಮಾತ್ರ ಸಿಕ್ಕಿಬೀಳುತ್ತಿದ್ದೆ.

ತರಿಸಿಕೊಳ್ಳುವುದರ ಕಥೆ ಇದಾದರೆ ಕಳಿಸುವುದರ ಕಥೆ ಇನ್ನೂ ಚೆಂದ. ಆ ಕಾಲದಲ್ಲಿ ನನಗೆ ನಗೆಬರಹ ಬರೆಯುವ ಚಟ ಹತ್ತಿತ್ತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನಾನು ನುಡಿಯಲ್ಲಿ ಕುಟ್ಟುವುದನ್ನು ಕಲಿತೆ. 'ಕನ್ನಡಕ ಪುರಾಣ' ಎಂಬ ಲೇಖನ ಬರೆದು ಬೆಂಗಳೂರಿನ ಒಂದು ವಾರಪತ್ರಿಕೆಗೆ ಇಮೇಲ್ ಮಾಡಿದೆ. ಲೇಖನ ಕ್ಷಣದಲ್ಲಿ ಹೋಯಿತು. ಸಂಪಾದಕರ ಫೋನೂ ಬೇಗನೆ ಬಂತು.

"ಏನ್ ಸ್ವಾಮಿ, ಮೊದಲನೇ ಪದದಲ್ಲೇ ಸಂಭಾವನೆ ಕೇಳಿದ್ದೀರಿ, ಅದೂ ಪೌಂಡಿನಲ್ಲಿ?"

ಆದದ್ದು ಇಷ್ಟು. ಅವರ ಕಂಪ್ಯೂಟರಿನಲ್ಲಿ ನುಡಿ ಅಕ್ಷರಗಳು ಇರಲಿಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗಿ ಒಳಗಿದ್ದವರು ಹೊರಗೆ ಬರುತ್ತಿದ್ದರು. ನಾನು 'ಕನ್ನಡ' ಎಂದು ಕುಟ್ಟಿದ್ದ ಕಡೆ ಅವರಿಗೆ ಕಂಡದ್ದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಒಂದು ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಒಂದು ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಮೀಸಲಾಗಿತ್ತು. ಜಾಗ ಮೀಸಲಾಗುವುದಕ್ಕೂ ಅಲ್ಲಿ ಹೋಗಿ ಕೂರುವುದಕ್ಕೂ ನಮ್ಮಲ್ಲಿ ಯಾವಾಗಲೂ ಸ್ವಲ್ಪ ಅಂತರ.

ಫಾಂಟನ್ನೂ ಲೇಖನವನ್ನೂ ಒಂದು ಫ್ಲಾಪಿಗೆ ತುಂಬಿ, ಕವರಿನಲ್ಲಿ ಹಾಕಿ, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. "ಎಲೆಕ್ಟ್ರಾನಿಕ್ ಸಾಮಾನು, ಜೋಪಾನ" ಎಂದೆ. ಜೋಪಾನವಾಗಿರಲಿ ಎಂದೇ ಅವರು ಅದನ್ನು ತಮ್ಮ ಕಣ್ಣೆದುರಿಗೆ, ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಇಟ್ಟುಕೊಂಡು ಮೆಜೆಸ್ಟಿಕ್ ತಲುಪಿಸಿದರು. ಹೋಗುವಾಗ ಚೌಕವಾಗಿದ್ದದ್ದು ಅಲ್ಲಿ ಮುಟ್ಟುವಾಗ ಹಪ್ಪಳದ ಹದಕ್ಕೆ ಬಂದಿತ್ತಂತೆ. ಕೊನೆಗೆ ಕೈಯಲ್ಲಿ ಬರೆದು ಅಂಚೆಗೆ ಹಾಕಿದೆ. ಅದು ಹೋಯಿತು. ವಿಷಾದಪತ್ರದ ಸಮೇತ ಹಿಂದಕ್ಕೂ ಬಂತು.

ಮುಂದೆ ಅಕ್ಕನ ಮಗ ರಜೆಗೆ ಬಂದಾಗ ಟೊರೆಂಟ್ ಹೇಳಿಕೊಟ್ಟ. ಬ್ರಾಮ್ ಕೋಹೆನ್ ಎಂಬುವರು 2001ರಲ್ಲಿ ಮಾಡಿದ ಉಪಾಯ ಅದು. ಮನೆಯಲ್ಲಿ ಕಾರ್ಯವಿದ್ದಾಗ ಒಬ್ಬರ ಮನೆಯಿಂದ ಕೊಳದಪ್ಪಲೆ, ಇನ್ನೊಬ್ಬರ ಮನೆಯಿಂದ ಸೌಟು, ಮತ್ತೊಬ್ಬರ ಮನೆಯಿಂದ ಜಮಖಾನ ಎರವಲು ತರುವುದಿಲ್ಲವೇ, ಹಾಗೆ ಒಂದೇ ಫೈಲನ್ನು ಚೂರುಚೂರಾಗಿ ಹತ್ತಾರು ಜನರಿಂದ ತರಿಸಿಕೊಳ್ಳುವುದು. ನಮಗೆ ಬಂದ ಚೂರನ್ನು ಕೂಡಲೇ ಇನ್ನೊಬ್ಬರಿಗೆ ಕೊಡಬೇಕು. ಕೊಡದವರಿಗೆ ಕೊಡುವುದನ್ನು ಆ ಪ್ರೋಗ್ರಾಮೇ ತಗ್ಗಿಸುತ್ತದೆ. ನಾನು ಉಬುಂಟು ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಇಳಿಸಲು ಹೊರಟೆ. ಒಂದು ಸಿಡಿಯ ಅಳತೆ, ಸುಮಾರು 700 ಎಂಬಿ. ಕರೆಂಟು ಬಂದಾಗ ಇಳಿಯಿತು, ಹೋದಾಗ ನಿಂತಿತು. ಪೂರ್ತಿಯಾದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ ಕೈ ತೊಳೆದುಕೊಂಡೆ.

"ಮಾವ, ಹಂಗೆ ಮಾಡಬಾರದು. ನಮ್ಮದಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟಿರಬೇಕು, ಬೇರೆಯವರು ತಗೋತಾರೆ" ಎಂದ.

"ಕರೆಂಟ್ ಬಿಲ್ಲು ಅವರು ಕೊಡ್ತಾರೇನೋ?" ಎಂದೆ.

ಅವನು ನನ್ನನ್ನು ನೋಡಿದ ರೀತಿಯಿಂದ ಗೊತ್ತಾಯಿತು, ಈ ಲೋಕದಲ್ಲಿ ನನ್ನ ಯೋಗ್ಯತೆ ಎಷ್ಟೆಂದು. ಹಂಚುವ ಜಾತಿಯವನಲ್ಲ ನಾನು, ಹೀರುವ ಜಾತಿಯವನು.

ಪೆನ್‌ಡ್ರೈವು, ಬ್ಲೂಟೂತು ಎಲ್ಲ ಬಂದು ಹೋದವು. ಫೋನಿನಿಂದ ಫೋನಿಗೆ ಕಳಿಸುವ ಷೇರ್‌ಇಟ್, ಕ್ಸೆಂಡರ್ ಎರಡನ್ನೂ ಹಟ ಹಿಡಿದು ಕಲಿತೆ. ಕಾಗದ ಸ್ಕ್ಯಾನ್ ಮಾಡಲು ಕ್ಯಾಮ್‌ಸ್ಕ್ಯಾನರನ್ನೂ ಕಲಿತೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿ ನೋಡಿದರೆ ನಾನು ಕಲಿತ ಮೂರೂ ಅದರಲ್ಲಿವೆ. ನಾನು ಕಲಿತು ಮುಗಿಸಲಿ ಎಂದೇ ಸರ್ಕಾರ ಕಾದಿತ್ತೆಂದು ನಮ್ಮ ಮನೆಯವಳ ನಂಬಿಕೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು 2022ರ ಫೆಬ್ರವರಿಯ ನಮ್ಮ ಗೃಹಪ್ರವೇಶದ ಸಲುವಾಗಿ.

ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಕ್ಕನ ಮಗ ಫೋನಿನಲ್ಲೇ ನಕ್ಕು ಗೂಗಲ್ ಷೀಟ್‌ನಲ್ಲಿ ಮಾಡಿ ಎಂದ. ಮಾಡಿದೆ. ಹೆಸರು, ಊರು, ಎಷ್ಟು ಜನ, ಹಳೆಯ ಮುಯ್ಯಿ, ಷರಾ ಎಂದು ಐದು ಕಾಲಮ್. ನಮ್ಮ ಮದುವೆಯಲ್ಲಿ ಮಾವ ಬರೆದಿಟ್ಟಿದ್ದ ಮುಯ್ಯಿ ಪುಸ್ತಕ ಅಟ್ಟದಿಂದ ಇಳಿಯಿತು. ಯಾರು ಎಷ್ಟು ಹಾಕಿದ್ದರು ಎಂದು ಗೊತ್ತಿದ್ದರೆ ತಾನೆ ತಾಂಬೂಲದ ಲೆಕ್ಕ ಸರಿಯಾಗುವುದು? ಷರಾ ಕಾಲಮ್ಮನ್ನು ನನ್ನ ತಿಳಿವಳಿಕೆಗೆಂದು ಮಾತ್ರ ಇಟ್ಟುಕೊಂಡೆ. ಬರೆಯುವ ಚಟದವನಿಗೆ ಖಾಲಿ ಕಾಲಮ್ ಸಿಗಬಾರದು.

ಗುಬ್ಬಿಯ ಅತ್ತೆ: 'ಕರೆದರೆ ಬರುವುದಿಲ್ಲ, ಕರೆಯದಿದ್ದರೆ ಬಿಡುವುದಿಲ್ಲ.'

ಅರಸೀಕೆರೆಯ ಷಡ್ಡಕರು: 'ಮುಯ್ಯಿ 51. ಊಟಕ್ಕೆ ಕೊಂಕು. ಆದರೂ ಎಲ್ಲ ಫೋಟೋದಲ್ಲಿದ್ದಾರೆ.'

ಕಡೂರಿನ ದೊಡ್ಡಮ್ಮ: 'ಸ್ಟೀಲ್ ಡಬ್ಬಿ. ಮುಚ್ಚಳ ಇವತ್ತಿಗೂ ಕೂರುವುದಿಲ್ಲ.'

ಹೆಂಡತಿಯ ತಮ್ಮ: 'ಇವನಿಗೆ ಕೆಲಸ ಹಚ್ಚಬಾರದು. ಹಚ್ಚಿದರೆ ಅದನ್ನು ಸರಿಮಾಡಲು ಇನ್ನಿಬ್ಬರು ಬೇಕು.'

ಚಿಕ್ಕನಾಯಕನಹಳ್ಳಿಯ ಮಾವ: 'ಇದ್ದಾರೋ ಹೋದರೋ ವಿಚಾರಿಸಬೇಕು.'

ಹೀಗೆ ಬಂಧುಬಳಗವೆಲ್ಲ ಒಂದೊಂದು ಸಾಲಿನಲ್ಲಿ ಅಡಕವಾಯಿತು. ಅಕ್ಕನ ಮಗನೂ ನೋಡಲೆಂದು, ಅವನು ಹೇಳಿದಂತೆ, ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಎಂಬ ಕಡೆ ಬೆರಳೊತ್ತಿದೆ. ಆಮಂತ್ರಣ ಪತ್ರಿಕೆಯ ಪಿಡಿಎಫ್ ಕೂಡ ಅದೇ ಡ್ರೈವ್‌ನಲ್ಲಿತ್ತು. ಅದಕ್ಕೊಂದು ಲಿಂಕು, ಇದಕ್ಕೊಂದು ಲಿಂಕು. ಎರಡೂ ಉದ್ದ, ಎರಡೂ ನೀಲಿ, ಎರಡರಲ್ಲೂ ತಲೆಬುಡವಿಲ್ಲದ ಅಕ್ಷರಗಳು. ಮಧ್ಯಾಹ್ನ ಊಟವಾದ ಮೇಲೆ 'ವಂಶವೃಕ್ಷ' ಎಂಬ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹೀಗೆ ಬರೆದೆ: 'ಸಮಸ್ತ ಬಂಧುಗಳಿಗೆ ಆದರದ ಆಮಂತ್ರಣ. ವಿವರಗಳಿಗೆ ಕೆಳಗಿನ ಲಿಂಕ್ ಒತ್ತಿ. ಕುಟುಂಬ ಸಮೇತರಾಗಿ ನೋಡಬೇಕಾಗಿ ವಿನಂತಿ.' ಒಂದು ಲಿಂಕ್ ಅಂಟಿಸಿ, ದಿಂಬಿಗೆ ತಲೆ ಕೊಟ್ಟೆ.

ಫೋನ್ ಬಡಿದು ಎದ್ದೆ. ಅಕ್ಕನ ಮಗ.

"ಮಾವ, ಗ್ರೂಪಿಗೆ ಏನು ಹಾಕಿದ್ರಿ?"

"ಇನ್ವಿಟೇಷನ್ನು."

"ಇನ್ವಿಟೇಷನ್‌ನಲ್ಲಿ ದೊಡ್ಡಮ್ಮನ ಡಬ್ಬಿ ಮುಚ್ಚಳ ಯಾಕೆ ಬಂತು?"

ಎದೆ ಧಸಕ್ಕೆಂದಿತು. ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯವನ್ನು ವಾಟ್ಸ್ಆ್ಯಪ್ 2017ರಲ್ಲೇ ಕೊಟ್ಟಿತ್ತು. ಆಗಿನ್ನೂ ಅದರ ಗಡುವು 1 ಗಂಟೆ 8 ನಿಮಿಷ 16 ಸೆಕೆಂಡು. ಯಾವ ಪಂಚಾಂಗ ನೋಡಿ ಇಟ್ಟರೋ ಕಾಣೆ. ನನ್ನ ನಿದ್ದೆ ಅದಕ್ಕಿಂತ ಗಿಡ್ಡವಾಗಿತ್ತು, ಬಚಾವು. ಸಂದೇಶವನ್ನು ಒತ್ತಿ ಹಿಡಿದೆ. ಎಲ್ಲರಿಂದಲೂ ಅಳಿಸಲೋ, ನಿನ್ನಿಂದ ಮಾತ್ರ ಅಳಿಸಲೋ ಎಂದು ಕೇಳಿತು. 'ಕನ್ನಡಕ ಪುರಾಣ' ಬರೆದ ಲೇಖಕನಿಗೆ ಆ ಗಳಿಗೆಯಲ್ಲಿ ಕನ್ನಡಕ ಸಿಗಲಿಲ್ಲ. ಒತ್ತಿದೆ. ಸಂದೇಶ ಮಂಗಮಾಯ.

"ಅಳಿಸಿದೆ ಕಣೋ" ಎಂದೆ ನಿಟ್ಟುಸಿರು ಬಿಟ್ಟು.

"ನನ್ನ ಫೋನಲ್ಲಿ ಹಂಗೇ ಇದೆಯಲ್ಲ ಮಾವ."

ಇಡೀ ವಂಶದಲ್ಲಿ ಆ ಲಿಂಕ್ ಇಲ್ಲದವನೆಂದರೆ ಈಗ ನಾನೊಬ್ಬನೇ. ಹೀಗೆ ತಪ್ಪಿ ಒತ್ತಿದ್ದನ್ನು ಐದು ಸೆಕೆಂಡಿನೊಳಗೆ ವಾಪಸು ಪಡೆಯುವ ಗುಂಡಿಯನ್ನು ವಾಟ್ಸ್ಆ್ಯಪ್‌ನವರು ಕೊಟ್ಟದ್ದು 2022ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಮ್ಮ ಹೊಸ ಮನೆಯ ಗೋಡೆಯಲ್ಲಿ ಬಿರುಕು ಕೂಡ ಬಿಟ್ಟಿತ್ತು.

ಕಂಪ್ಯೂಟರಿಗೆ ಓಡಿ ಷೀಟ್ ತೆರೆದೆ. ಮೇಲ್ಗಡೆ ಬಣ್ಣಬಣ್ಣದ ದುಂಡು ಚಿತ್ರಗಳು ಸಾಲಾಗಿ ಕೂತಿದ್ದವು. ಲಿಂಕ್ ಹಿಡಿದು ಬಂದವರ ಹೆಸರು ಗೂಗಲ್ ಹೇಳುವುದಿಲ್ಲ. ಒಬ್ಬೊಬ್ಬರಿಗೂ ಒಂದು ಪ್ರಾಣಿಯ ವೇಷ ಹಾಕಿ ಕಳಿಸುತ್ತದೆ. ಅನಾಮಿಕ ಕ್ಯಾಪಿಬರಾ, ಅನಾಮಿಕ ವಾಂಬ್ಯಾಟ್, ಅನಾಮಿಕ ನಾರ್ವಾಲ್. ನನ್ನ ಅತ್ತೆ ಮಾವಂದಿರು, ಷಡ್ಡಕ ಭಾವಮೈದುನರು ಇಡೀ ಮೃಗಾಲಯವಾಗಿ ನನ್ನ ಪಟ್ಟಿಯೊಳಗೆ ಓಡಾಡುತ್ತಿದ್ದರು. ಯಾವ ಪ್ರಾಣಿ ಯಾವ ಸಾಲಿನಲ್ಲಿ ನಿಂತಿದೆ ಎಂಬುದು ಬಣ್ಣದ ಚೌಕಟ್ಟಿನಲ್ಲಿ ಕಾಣುತ್ತದೆ. ವಾಂಬ್ಯಾಟು ಅರಸೀಕೆರೆಯ ಸಾಲಿಗೆ ಬಂದು ಬಹಳ ಹೊತ್ತು ಅಲ್ಲಾಡದೆ ನಿಂತಿತು.

"ಮಾವ, ಷೇರ್ ಒತ್ತಿ ರಿಸ್ಟ್ರಿಕ್ಟೆಡ್ ಅಂತ ಮಾಡಿ, ಬೇಗ!" ಎಂದು ಅಕ್ಕನ ಮಗ ಫೋನಿನಲ್ಲಿ ಕೂಗುತ್ತಿದ್ದ.

ಮಾಡಬಹುದಿತ್ತು. ಬಾಣದ ಗುರುತನ್ನು ಗುಂಡಿಯ ಹತ್ತಿರದವರೆಗೂ ಒಯ್ದೆ. ಆದರೆ ನೋಡಿ, ಇಷ್ಟು ವರ್ಷ ಬರೆದಿದ್ದೇನೆ. ಅಚ್ಚಾದದ್ದನ್ನು ಯಾರಾದರೂ ಓದಿದರೋ ಇಲ್ಲವೋ ಎಂಬುದೇ ತಿಳಿದಿರಲಿಲ್ಲ. ಇಲ್ಲಿ ಕಣ್ಣೆದುರಿಗೆ, ಸಾಲು ಸಾಲು ಬಿಡದೆ, ಕೆಲವು ಸಾಲಿಗೆ ಹಿಂತಿರುಗಿ ಬಂದು ಮತ್ತೊಮ್ಮೆ ಓದುತ್ತಿದ್ದಾರೆ. ಯಾವ ಲೇಖಕನಿಗೆ ಇಂಥ ಓದುಗರನ್ನು ಹೊರಗೆ ಹಾಕಿ ಬಾಗಿಲು ಮುಚ್ಚಲು ಮನಸ್ಸು ಬಂದೀತು? "ಒತ್ತುತ್ತಾ ಇದ್ದೀನಿ ಕಣೋ, ನೆಟ್ ಸ್ಲೋ" ಎಂದೆ.

ಆಗ ವಾಂಬ್ಯಾಟು ಬರೆಯತೊಡಗಿತು. 51 ಅಳಿಸಿ 101 ಆಯಿತು. ಷರಾದಲ್ಲಿ ಹೊಸ ಸಾಲು ಹುಟ್ಟಿತು: 'ಜತೆಗೆ ಒಂದು ಗೋಡೆ ಗಡಿಯಾರ. ಅದನ್ನು ಬರೆದೇ ಇಲ್ಲ. ಊಟದಲ್ಲಿ ಉಪ್ಪು ಇರಲಿಲ್ಲ ಎಂದದ್ದು ನಿಜ, ಇರಲಿಲ್ಲ.' ನಾರ್ವಾಲ್ ಕಡೂರಿಗೆ ಬಂದು ಬರೆಯಿತು: 'ಮುಚ್ಚಳ ಕೂರುತ್ತದೆ. ಎಡಕ್ಕೆ ತಿರುಗಿಸಿ ಒತ್ತಬೇಕು.' ನಮ್ಮ ಮನೆಯಲ್ಲಿ ಅಷ್ಟು ಕಾಲದಿಂದ ಬಲಕ್ಕೇ ತಿರುಗಿಸುತ್ತಿದ್ದೆವು.

ಅಷ್ಟರಲ್ಲಿ ಕ್ವಾಗಾ ಎಂಬ ಇನ್ನೊಂದು ಪ್ರಾಣಿ ನಿಧಾನವಾಗಿ ಒಳಗೆ ಬಂತು. ಅದು ದಕ್ಷಿಣ ಆಫ್ರಿಕಾದ ಅರೆಪಟ್ಟೆ ಜೀಬ್ರಾ. ಕೊನೆಯದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ 1883ರಲ್ಲಿ ಸತ್ತು ಆ ಸಂತತಿಯೇ ಅಳಿಸಿಹೋಯಿತು. ಕ್ವಾಗಾ ಒಂದೊಂದೇ ಮೆಟ್ಟಿಲು ಇಳಿದು ಚಿಕ್ಕನಾಯಕನಹಳ್ಳಿಯ ಸಾಲಿನಲ್ಲಿ ನಿಂತಿತು. 'ಇದ್ದಾರೋ ಹೋದರೋ ವಿಚಾರಿಸಬೇಕು' ಎಂಬುದರ ಮುಂದೆ ಒಂದೊಂದೇ ಅಕ್ಷರ ಮೂಡಿತು.

'ಇದ್ದೇನೆ. ಬರುತ್ತೇನೆ. ಸಕ್ಕರೆ ಇಲ್ಲದ ಕಾಫಿ.'

ಆಗ ಬಟನ್ ಒತ್ತಿದೆ.

ಒತ್ತಿದ್ದರಿಂದ ಬಾಗಿಲು ಮುಚ್ಚಿತು, ಬಡಿತ ಶುರುವಾಯಿತು. ಅರ್ಧ ಓದಿದ್ದವರೆಲ್ಲ ಪ್ರವೇಶಕ್ಕೆ ಅನುಮತಿ ಕೋರಿ ಅರ್ಜಿ ಹಾಕಿದರು. ಒಂದೊಂದು ಅರ್ಜಿಗೂ ನನಗೊಂದು ಮೇಲ್. ಈಗ ಯಾರೂ ಪ್ರಾಣಿಗಳಲ್ಲ, ಅರ್ಜಿಯ ಮೇಲೆ ವಿಳಾಸ ಇದೆ. ಗುಬ್ಬಿಯ ಅತ್ತೆ ತಮ್ಮ ಮೊಮ್ಮಗಳ ಇಮೇಲಿನಿಂದ ಬರೆಸಿದ್ದರು: 'ನಮ್ಮ ಸಾಲಿಗೆ ಬರುವಷ್ಟರಲ್ಲಿ ಬಂದ್ ಆಯಿತು, ದಯವಿಟ್ಟು ಬಿಡುವುದು.' ಬಂದ್ ಆಗುವ ಮುಂಚೆ ಯಾರೋ ಷೀಟಿನ ನಕಲು ಮಾಡಿಟ್ಟುಕೊಂಡಿದ್ದರು. ಆ ನಕಲಿಗೆ ನಕಲು ಹುಟ್ಟಿತು. ಸುಳ್ಳುಸುದ್ದಿ ಹಬ್ಬಬಾರದೆಂದು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ವಾಟ್ಸ್ಆ್ಯಪ್ ಭಾರತದಲ್ಲಿ 2018ರಿಂದ ಮಿತಿ ಹಾಕಿದೆ. ನಮ್ಮವರು ಕಾನೂನು ಮೀರುವವರಲ್ಲ, ಐದೈದಾಗಿಯೇ ಕಳಿಸಿದರು. ಯಾರಿಗೂ ಕರೆಂಟ್ ಬಿಲ್ಲಿನ ಚಿಂತೆ ಬರಲಿಲ್ಲ. ಜೀವಮಾನದಲ್ಲಿ ನಾನು ಹಂಚಿದ ಫೈಲು ಇದೊಂದೇ, ಅದೂ ಸಾವಿರ ಚೂರಾಗಿ ಊರೂರು ತಲುಪಿತು.

ಸಂಜೆ ಕಾಫಿ ಕೊಡುತ್ತ ನಮ್ಮ ಮನೆಯವಳು, "ರೀ, ನಮ್ಮ ಕಡೆಯವರಿಗೆ ಷರಾ ಉದ್ದುದ್ದ, ನಿಮ್ಮ ಕಡೆಯವರಿಗೆ ಗಿಡ್ಡ. ಯಾಕೆ?" ಎಂದಳು.

"ನೀನೂ ನೋಡಿದೆಯಾ?"

"ಕ್ಯಾಪಿಬರಾ ನಾನೇ. ಕೊನೇ ಸಾಲು ನೋಡ್ಕೊಳ್ಳಿ."

ನೋಡಿದೆ. ನಾನು ಬರೆಯದ ಒಂದು ಸಾಲು ಅಡಿಯಲ್ಲಿತ್ತು. ಹೆಸರು: ಮನೆ ಯಜಮಾನರು. ಊರು: ತಿಪಟೂರು. ಎಷ್ಟು ಜನ: 1, ಕೆಲಸಕ್ಕೆ 0. ಹಳೆಯ ಮುಯ್ಯಿ: ತೀರಿಸಲಾಗದ್ದು. ಷರಾ: 'ಇವರ ತಮ್ಮನಿಗಿಂತ ನನ್ನ ತಮ್ಮ ವಾಸಿ. ಇವರಿಗಿಂತಲೂ.'

ಗೃಹಪ್ರವೇಶಕ್ಕೆ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಪಟ್ಟಿಯಲ್ಲಿದ್ದವರೂ ಬಂದರು, ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಲು ಇಲ್ಲದವರೂ ಬಂದರು. ಅಡಿಗೆಯವರು ಎರಡು ಸಲ ಅನ್ನಕ್ಕೆ ಇಟ್ಟರು. ಅರಸೀಕೆರೆಯ ಷಡ್ಡಕರು ಕವರ್ ಕೊಡುವ ಬದಲು 501 ರೂಪಾಯಿಯನ್ನು ಎಲ್ಲರೆದುರು ಎಣಿಸಿ ನನ್ನ ಕೈಯಲ್ಲಿಟ್ಟು, "ಷೀಟಿಗೆ ಈಗಲೇ ಹಾಕಿ, ನಾನು ನೋಡ್ತೀನಿ" ಎಂದು ಪಕ್ಕದಲ್ಲೇ ನಿಂತರು. ಕಡೂರಿನ ದೊಡ್ಡಮ್ಮ ಅಡಿಗೆಮನೆಗೆ ಹೋಗಿ ಡಬ್ಬಿ ಹುಡುಕಿ, ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಒತ್ತಿದರು. ಕೂತಿತು. ಹೆಂಡತಿಯ ತಮ್ಮ ಮಾತ್ರ ಇಡೀ ದಿನ ಕುರ್ಚಿ ಬಿಟ್ಟೇಳಲಿಲ್ಲ. ಕೇಳಿದ್ದಕ್ಕೆ, "ನನಗೆ ಕೆಲಸ ಹಚ್ಚಬಾರದು ಅಂತ ಬರವಣಿಗೆಯಲ್ಲಿದೆ ಭಾವ" ಎಂದ. ಚಿಕ್ಕನಾಯಕನಹಳ್ಳಿಯ ಮಾವ ನಡುಮನೆಯಲ್ಲಿ ಕೂತು ಬಂದವರಿಗೆಲ್ಲ "ನೋಡಿ, ಇದ್ದೇನೆ" ಎಂದು ಹೇಳುತ್ತಿದ್ದರು. ಕಾಫಿಗೆ ಮಾತ್ರ ಯಾರೋ ಸಕ್ಕರೆ ಹಾಕಿಬಿಟ್ಟಿದ್ದರು.

ಮೊನ್ನೆ ಹಾಸನದಿಂದ ಗುರುತಿಲ್ಲದ ಒಬ್ಬರು ಫೋನ್ ಮಾಡಿದ್ದರು. ನಮ್ಮ ಬಂಧುಗಳ ಬಂಧುಗಳಂತೆ. ನಾನು ಅಲ್ಲಿ ಇಲ್ಲಿ ಲೇಖನ ಬರೆಯುತ್ತೇನೆ ಎಂದು ಪರಿಚಯ ಹೇಳಿಕೊಳ್ಳಲು ಹೋದೆ. "ಅದೆಲ್ಲ ಗೊತ್ತಿಲ್ಲ ಸಾರ್, ನಿಮ್ಮ ಷರಾ ಓದಿದ್ದೀನಿ" ಎಂದರು. ಅವರ ಮಗಳ ಮದುವೆ ಗೊತ್ತಾಗಿದೆ. ಕರೆಯುವವರ ಪಟ್ಟಿ ತಯಾರಿದೆ, ಷರಾ ಕಾಲಮ್ ಖಾಲಿ ಇದೆ. "ನಮ್ಮವರ ಗುಣ ನಾನು ಹೇಳ್ತೀನಿ, ಭಾಷೆ ನೀವು ಹಾಕಿಕೊಡಿ. ಸುಮ್ಮನೆ ಬೇಡ, ಸಾಲಿಗೆ ಇಷ್ಟು ಅಂತ ಕೊಡ್ತೀನಿ."

ಇಷ್ಟು ವರ್ಷದ ಸಾಹಿತ್ಯಸೇವೆಯಲ್ಲಿ ಸಂಭಾವನೆಯ ಮಾತನ್ನು ತಾವಾಗಿಯೇ ಎತ್ತಿದವರು ಇವರು ಮೊದಲಿಗರು. ಒಪ್ಪಿಕೊಂಡಿದ್ದೇನೆ. ಬೀಗರ ಕಡೆಯವರಿಗೆ ಮಾತ್ರ ದರ ಸ್ವಲ್ಪ ಜಾಸ್ತಿ.